ಏಳನೇ ಸಾಲು

ಚನ್ನಗಿರಿ
೧೨ ಜನವರಿ ೨೦೨೫

ಶ್ರೀ ರಂಗನಾಥ್ ಅವರಿಗೆ,

ಟೈಪಿಂಗ್ ಇನ್‌ಸ್ಟಿಟ್ಯೂಟಿನ ಕಸ್ತೂರಮ್ಮ ಬರೆಯುವ ಕಾಗದ. ಮೊದಲ ಸಾಲಿನಲ್ಲಿ ಕ್ಷೇಮ ಎಂದು ಹೊಡೆಯಬೇಕೆಂದು ನಿಮಗೆ ಕಲಿಸಿದವಳು ನಾನೇ. ಈ ಕಾಗದದಲ್ಲಿ ಆ ಸಾಲು ಇಲ್ಲ.

ನನ್ನ ಮಗಳು ಕಲ್ಪನಾ ಹೋಗಿ ಐದು ತಿಂಗಳಾಯಿತು. ನಿಮಗೆ ಗೊತ್ತಿರುತ್ತದೆ. ಹೊನ್ನಾಳಿಯಲ್ಲಿ ಪಾಠ ಮುಗಿಸಿ, ಯಾರದೋ ಸ್ಕೂಟಿಯಲ್ಲಿ ನ್ಯಾಮತಿಗೆ ಪರೀಕ್ಷೆಯ ಕೆಲಸಕ್ಕೆ ಹೊರಟವಳು ದಾರಿಯಲ್ಲಿ ಟ್ರ್ಯಾಕ್ಟರಿಗೆ ಸಿಕ್ಕಿದಳು. ನಾನು ಹೋಗುವಷ್ಟರಲ್ಲಿ ಮುಖಕ್ಕೆ ಬಟ್ಟೆ ಹೊದಿಸಿದ್ದರು.

ಕಾಗದ ಬರೆಯಲು ಕಾರಣ ಬೇರೆ. ಅವಳ ಫೋನಿಗೆ ಪರದೇಶದವರೊಬ್ಬರಿಂದ ಇಂಗ್ಲಿಷಿನಲ್ಲಿ ಒಂದು ಮೇಲ್ ಬಂದಿದೆ. ಚಿಪ್ ಎನ್ನುತ್ತಾರೆ, ಫ್ಯಾನ್ ಎನ್ನುತ್ತಾರೆ, "ಕಲ್ಪನಾ, ನೀನು ಇನ್ನೂ ಇದರ ಮೇಲೆ ಕೆಲಸ ಮಾಡುತ್ತಿದ್ದೀಯಾ?" ಎಂದು ಕೇಳುತ್ತಾರೆ. ನಲವತ್ತು ವರ್ಷ ಇಂಗ್ಲಿಷ್ ಹೊಡೆದಿದ್ದೇನೆ, ಆದರೆ ಇದರ ತಲೆಬುಡ ತಿಳಿಯಲಿಲ್ಲ. ಒಂದಕ್ಷರ ಬಿಡದೆ ಟೈಪ್ ಮಾಡಿ ಜೊತೆಗೆ ಇಟ್ಟಿದ್ದೇನೆ. ಇದೇನು, ಇದಕ್ಕೆ ಏನು ಉತ್ತರ ಕೊಡಬೇಕು, ತಿಳಿಸಿ. ನನ್ನ ಕಿವಿ ಪೂರ್ತಿ ಹೋಗಿದೆ, ಫೋನ್ ಮಾಡಬೇಡಿ.

ಇದನ್ನು ಓದಿ ಹೇಳುವ ಬೇರೆಯವರು ನನಗೆ ಗೊತ್ತಿದ್ದಿದ್ದರೆ ನಿಮಗೆ ಬರೆಯುತ್ತಿರಲಿಲ್ಲ. ಇದು ನಿಮಗೂ ಗೊತ್ತಿರಲಿ.

ಇತಿ,
ಕಸ್ತೂರಮ್ಮ


ಜಗಳೂರು
೨೧ ಜನವರಿ ೨೦೨೫

ಮೇಡಂ ಅವರಿಗೆ ರಂಗನಾಥನ ನಮಸ್ಕಾರಗಳು.

ನಿಮ್ಮ ಕಾಗದ ಕಾಲೇಜಿನ ವಿಳಾಸಕ್ಕೆ ಬಂತು. ಇಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತಿದ್ದೇನೆ. ಕಲ್ಪನಾಳನ್ನು ಮಣ್ಣು ಮಾಡಿದ ದಿನ ನಾನೂ ಬಂದಿದ್ದೆ. ರಸ್ತೆಯ ಆಚೆ, ಪಂಕ್ಚರ್ ಅಂಗಡಿಯ ಹತ್ತಿರ ನಿಂತಿದ್ದೆ.

ಆ ಮೇಲ್‌ನ ವಿಷಯ ಹೇಳುತ್ತೇನೆ. ಕಂಪ್ಯೂಟರಿನ ಬೋರ್ಡಿನ ಮೇಲೆ ಉಗುರಿನಷ್ಟು ಒಂದು ಚಿಪ್ ಇರುತ್ತದೆ. ಒಳಗೆ ಎಷ್ಟು ಬಿಸಿಯಾಗಿದೆ, ಫ್ಯಾನ್ ಎಷ್ಟು ಜೋರಾಗಿ ತಿರುಗುತ್ತಿದೆ, ಕರೆಂಟು ಸರಿಯಾಗಿ ಬರುತ್ತಿದೆಯೇ ಎಂದು ನೋಡುತ್ತಾ ಕೂರುವುದೇ ಅದರ ಕೆಲಸ. ಆದರೆ ಅದು ನೋಡಿದ್ದನ್ನು ಕಂಪ್ಯೂಟರಿಗೆ ತಿಳಿಸಲು ನಡುವೆ ಒಬ್ಬ ದುಭಾಷಿ ಬೇಕು. ಆ ದುಭಾಷಿಯಂಥ ಬರಹಕ್ಕೆ ಡ್ರೈವರ್ ಅನ್ನುತ್ತೇವೆ. ಕಲ್ಪನಾ ಒಂದು ಚಿಪ್‌ಗೆ ಡ್ರೈವರ್ ಬರೆದು ಲಿನಕ್ಸ್‌ಗೆ ಕಳಿಸಿದ್ದಳು. ಲಿನಕ್ಸ್ ಯಾರ ಸ್ವತ್ತೂ ಅಲ್ಲ, ಊರ ಬಾವಿ ಇದ್ದ ಹಾಗೆ. ಪ್ರಪಂಚದ ಜನ ಸೇರಿ ಬರೆಯುತ್ತಾರೆ, ಪ್ರಪಂಚವೇ ಬಳಸುತ್ತದೆ. ಆ ವಿಭಾಗ ನೋಡಿಕೊಳ್ಳುವವರು ಅವಳ ಬರಹವನ್ನು ಹೆಚ್ಚುಕಡಿಮೆ ಒಪ್ಪಿದ್ದಾರೆ. ಫ್ಯಾನ್ ನಿಲ್ಲಿಸಿ ತಿರುಗಿಸುವ ಒಂದು ಪರೀಕ್ಷೆ ಉಳಿದಿದೆ, ಅದನ್ನು ಮಾಡಿ ಹೇಳು ಎಂದು ಕೇಳಿದ್ದಾರೆ. ಉತ್ತರ ಬರದಿದ್ದರೆ ಕೈಬಿಡುತ್ತಾರೆ.

ಒಪ್ಪಿದರೆ ಅವಳ ಹೆಸರು ಆ ಬರಹದ ತಲೆಯ ಮೇಲೆ ಇರುತ್ತದೆ. ಯಾರೂ ಅಳಿಸುವುದಿಲ್ಲ.

ಅವಳು ಇನ್ನಿಲ್ಲದ ಕಾರಣ ನಾನು ಮುಂದೆ ಕಳಿಸಬಹುದು. ಅಲ್ಲಿ ಸಹಿಯ ಪದ್ಧತಿ ಇದೆ: ಬರೆದವರ ಹೆಸರು ಮೊದಲು, ದಾಟಿಸಿದವರ ಹೆಸರು ಅದರ ಕೆಳಗೆ. ಹಾಗೆ ಮಾಡಿದರೆ ನನ್ನ ಹೆಸರು ಅವಳ ಹೆಸರಿನ ಕೆಳಗೆ ಬರುತ್ತದೆ. ನಿಮ್ಮ ಒಪ್ಪಿಗೆ ಇಲ್ಲದೆ ನಾನು ಅದನ್ನು ಮಾಡುವುದಿಲ್ಲ.

ಪರೀಕ್ಷೆಗೆ ಬೋರ್ಡ್ ಬೇಕು. ಲಾರಿ ತೂಗುವ, ಈಗ ಮುಚ್ಚಿಹೋದ ವೇಬ್ರಿಡ್ಜ್ ಒಂದರ ಬೋರ್ಡನ್ನು ದಾವಣಗೆರೆಯ ಗುಜರಿಯಲ್ಲಿ ಜಂಪಣ್ಣ ಎನ್ನುವವರಿಂದ ತಂದೆ ಎಂದು ಅವಳೇ ಲಿನಕ್ಸ್‌ನವರಿಗೆ ಬರೆದಿದ್ದಾಳೆ. ಆ ಚಿಪ್ ಇರುವ ಬೋರ್ಡು ಅದೊಂದೇ ನನಗೆ ಗೊತ್ತಿರುವುದು. ಮಾಡಿದ ಕಂಪನಿಯೇ ಈಗಿಲ್ಲ. ಬಸ್ಸಿನ ಪಾರ್ಸೆಲ್‌ನಲ್ಲಿ ಕಳಿಸಿದರೆ ಇಲ್ಲಿ ಮಾಡುತ್ತೇನೆ.

ನಿಮ್ಮ ವಿದ್ಯಾರ್ಥಿ,
ರಂಗನಾಥ್


ಚನ್ನಗಿರಿ
೩ ಫೆಬ್ರವರಿ ೨೦೨೫

ಶ್ರೀ ರಂಗನಾಥ್ ಅವರಿಗೆ,

ಬೋರ್ಡು ಆ ಕೋಣೆಯಿಂದ ಹೊರಗೆ ಹೋಗುವುದಿಲ್ಲ. ಅವಳು ಕಿಟಕಿಯ ಪಕ್ಕದ ಮೇಜಿನ ಮೇಲೆ ಒಂದು ಪರದೆ, ಒಂದು ಕೀಬೋರ್ಡ್ ಜೋಡಿಸಿ ಇಟ್ಟಿದ್ದಾಳೆ. ಧೂಳು ಹೊಡೆಯಲೂ ನಾನು ಅದನ್ನು ಎತ್ತಿಲ್ಲ. ಇಂಟರ್ನೆಟ್ ತೆಗೆಸಿಬಿಟ್ಟೆ, ಯಾರಿಗೆ ಬೇಕು ಅದು.

ಏನು ಹೊಡೆಯಬೇಕೋ ಬರೆದು ಕಳಿಸಿ, ನಾನು ಹೊಡೆಯುತ್ತೇನೆ. ನಿಮಿಷಕ್ಕೆ ಅರವತ್ತು ಪದ, ಈಗಲೂ. ಅರ್ಥವಾಗಬೇಕೆಂದೇನಿಲ್ಲ. ಕೋರ್ಟಿನ ತೀರ್ಪುಗಳನ್ನು ಅರ್ಥ ಮಾಡಿಕೊಂಡು ಹೊಡೆದಿದ್ದರೆ ನನಗೆ ಎಂದೋ ಹುಚ್ಚು ಹಿಡಿಯುತ್ತಿತ್ತು. ಕಣ್ಣು ಕಾಗದದ ಮೇಲೆ, ಬೆರಳು ಕೀಲಿಯ ಮೇಲೆ, ಬುದ್ಧಿ ಬಾಗಿಲ ಹೊರಗೆ ಎಂದು ನಿಮಗೆಲ್ಲ ಹೇಳಿಕೊಡುತ್ತಿದ್ದೆನಲ್ಲ.

ಅವಳ ನೋಟ್‌ಬುಕ್ ನೋಡಿದೆ. "ಹೆಬ್ಬೆಟ್ಟು ಇಟ್ಟಾಗ ೪೧. ಐಸ್ ಇಟ್ಟಾಗ ೨೬. ಅಮ್ಮನ ಇಡ್ಲಿ ಪಾತ್ರೆಯ ಹಬೆ ಹಿಡಿದಾಗ ೫೮" ಎಂದೆಲ್ಲ ಬರೆದಿದ್ದಾಳೆ. ಹೋದ ವರ್ಷ ನನ್ನ ಇಡ್ಲಿ ಪಾತ್ರೆ ಎತ್ತಿಕೊಂಡು ಹೋದಾಗ ಬೈದಿದ್ದೆ. ಯಾಕೆ ಎಂದು ಕೇಳಿರಲಿಲ್ಲ.

ಅವಳ ಹೆಸರು ಉಳಿಯುತ್ತದೆ ಎಂದು ಬರೆದಿದ್ದೀರಿ. ಆ ಒಂದು ವಾಕ್ಯವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ಅವಳ ಹೆಸರಿನಲ್ಲಿ ನನ್ನ ಹತ್ತಿರ ಇರುವುದು ಒಂದು ಮರಣಪತ್ರ ಮಾತ್ರ. ಅದರಲ್ಲೂ ಕಲ್ಪನ ಎಂದು ದೀರ್ಘ ಬಿಟ್ಟು ಬರೆದಿದ್ದಾರೆ. ನನಗೆ ಇದು ಆಗಲೇಬೇಕು. ನಿಮ್ಮ ಹೆಸರು ಕೆಳಗೆ ಇರಲಿ.

ಇತಿ,
ಕಸ್ತೂರಮ್ಮ


ಜಗಳೂರು
೨೨ ಫೆಬ್ರವರಿ ೨೦೨೫

ಮೇಡಂ ಅವರಿಗೆ ನಮಸ್ಕಾರಗಳು.

ರಿಜಿಸ್ಟರ್ ಪೋಸ್ಟಿನಲ್ಲಿ ಒಂದು ಪೆನ್‌ಡ್ರೈವ್ ಕಳಿಸಿದ್ದೇನೆ. ಅದರಲ್ಲಿ ಕಲ್ಪನಾ ಲಿನಕ್ಸ್‌ಗೆ ಕಳಿಸಿದ್ದ ಡ್ರೈವರ್ ಇದೆ. ಮೊದಲ ನಾಲ್ಕು ಸಾಲುಗಳನ್ನು ಈ ಕಾಗದದ ಹಿಂದೆ ಬರೆದಿದ್ದೇನೆ. ಹೊಡೆದು, ಪರದೆಯ ಮೇಲೆ ಬಂದ ಅಂಕಿಗಳನ್ನು ಬರೆದು ಕಳಿಸಿ. ಅಂಕಿ ಮಾತ್ರ ಸಾಕು.

ಅವಳಿಗೆ ಈ ಚಿಪ್‌ನ ಕೈಪಿಡಿ ಎಲ್ಲಿಯೂ ಸಿಕ್ಕಿರಲಿಲ್ಲ. ಒಂದೊಂದು ಅಂಕಿಯನ್ನೂ ಬಿಸಿ ಮಾಡಿ, ತಣ್ಣಗೆ ಮಾಡಿ, ಇದು ಯಾವುದರ ಅಂಕಿ ಎಂದು ಹುಡುಕಿ ತೆಗೆದಿದ್ದಾಳೆ. ಎಂಟು ವರ್ಷದಲ್ಲಿ ಅವಳು ನನಗೆ ಮೇಲ್ ಮಾಡಿದ್ದು ಒಮ್ಮೆ ಮಾತ್ರ, ಅದೂ ಇದರ ಬಗ್ಗೆ. "ಮೂರನೇ ಅಂಕಿ ಯಾವುದರದ್ದು ಅಂತ ಗೊತ್ತಾಗ್ತಿಲ್ಲ ರಂಗ, ನಿಂಗೇನಾದ್ರೂ ಹೊಳೀತದಾ" ಎಂದಿತ್ತು. ಹೊಳೆಯಲಿಲ್ಲ ಎಂದು ಬರೆದೆ. ಅಷ್ಟೇ.

ಒಂದು ಮಾತು ಹೇಳಿಬಿಡುತ್ತೇನೆ, ಮೇಡಂ. ಇನ್‌ಸ್ಟಿಟ್ಯೂಟಿಗೆ ಬರುತ್ತಿದ್ದಾಗ ನಾವಿಬ್ಬರೂ ಮದುವೆಯ ಮಾತಾಡಿದ್ದೆವು. ನಾನು ಸವಳಂಗದ ಕೂಲಿ ದುರುಗಪ್ಪನ ಮಗ, ನೀವು ಅಡಿಕೆ ಮಂಡಿಯ ಮನೆತನ. ನಿಮ್ಮ ಹತ್ತಿರ ತಾನೇ ಮಾತಾಡುತ್ತೇನೆ ಎಂದು ಅವಳು ಹೋದಳು. ಆಮೇಲೆ ನನ್ನ ಜೊತೆ ಮಾತು ಬಿಟ್ಟಳು. ನಿಮ್ಮ ಹತ್ತಿರ ಬರುವ ಮೊದಲೇ ಮನಸ್ಸು ಬದಲಾಯಿಸಿದಳೆಂದುಕೊಂಡೆ. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ನಿಮ್ಮ ಮೇಲೆ ನನಗೆ ಸಿಟ್ಟಿಲ್ಲ ಎನ್ನುವುದಕ್ಕೆ ಇದನ್ನು ಬರೆದೆ.

ನಿಮ್ಮ ವಿದ್ಯಾರ್ಥಿ,
ರಂಗನಾಥ್


ಚನ್ನಗಿರಿ
೧೦ ಮಾರ್ಚ್ ೨೦೨೫

ರಂಗನಾಥ,

ಇಷ್ಟು ದಿನ ನೀವು ತಾವು ಎಂದು ಬರೆದೆ. ಹತ್ತೊಂಬತ್ತರ ಹುಡುಗನಾಗಿದ್ದಾಗ ಬೆರಳಿಗೆ ಸ್ಕೇಲಿನಲ್ಲಿ ಹೊಡೆದಿದ್ದೇನೆ, ಇನ್ನೆಂಥ ಬಹುವಚನ.

ನಾಲ್ಕೂ ಸಾಲು ಹೊಡೆದೆ. ಪರದೆಯ ಮೇಲೆ ಅಂಕಿ ಬಂದವು: ೩೪, ೩೭, ಫ್ಯಾನ್ ೨೨೧೦. ಅವಳ ನೋಟ್‌ಬುಕ್ಕಿನ ಹಾಗೆ ಹೆಬ್ಬೆಟ್ಟು ಇಟ್ಟು ನೋಡಿದೆ. ೩೪ ಇದ್ದದ್ದು ನಿಧಾನವಾಗಿ ೩೬ ಆಯಿತು. ಕೈ ತೆಗೆಯಲು ಮನಸ್ಸಾಗಲಿಲ್ಲ. ಅವಳು ಬರೆದಿಟ್ಟ ಯಾವುದೋ ಒಂದು ಮಾತು ನನ್ನ ಬೆರಳನ್ನು ಗುರುತಿಸಿತಲ್ಲ ಎಂದು ಅಳು ಬಂತು. ಏಳು ತಿಂಗಳಿಂದ ಅತ್ತಿರಲಿಲ್ಲ. ಎದುರು ಮನೆಯ ಅಜ್ಜಮ್ಮ ಬಂದು, "ಏನಾತ್ರೀ ಅಕ್ಕಾರೆ, ಕರೆಂಟ್ ಹೊಡೀತೇನು?" ಎಂದು ಕೇಳಿದಳು. ನನಗೆ ಕೇಳಿಸಲಿಲ್ಲ, ಬಾಯಿ ನೋಡಿ ತಿಳಿದುಕೊಂಡೆ.

ಅವಳ ಬರಹದಲ್ಲಿ ಒಂದು ಕಡೆ ಟೆಂಪರೇಚರ್ ಎನ್ನುವುದಕ್ಕೆ ಒಂದು ಅಕ್ಷರ ಬಿಟ್ಟಿದ್ದಾಳೆ. ನನ್ನ ಮಗಳು! ಕಳಿಸುವ ಮೊದಲು ತಿದ್ದು.

ಮುಂದಿನ ಸಾಲುಗಳನ್ನು ಬೇಗ ಕಳಿಸು. ನೀನು ಬರೆದ ಮದುವೆಯ ಮಾತಿಗೆ ಈಗ ಉತ್ತರ ಬರೆಯಲಾರೆ.

ಕಸ್ತೂರಮ್ಮ


ಜಗಳೂರು
೨೭ ಮಾರ್ಚ್ ೨೦೨೫

ಮೇಡಂ,

ನಿಮ್ಮ ಅಂಕಿಗಳೆಲ್ಲ ಸರಿ ಇವೆ. ಅಕ್ಷರ ತಿದ್ದಿದ್ದೇನೆ. ಕಲ್ಪನಾ ಇಲ್ಲ ಎಂದು ಅವರಿಗೆ ಬರೆದೆ. ಅವರು ಮರುಗಿ ಉತ್ತರ ಬರೆದಿದ್ದಾರೆ. ಏಪ್ರಿಲ್ ಹದಿನೈದರೊಳಗೆ ಫ್ಯಾನಿನ ಪರೀಕ್ಷೆ ಮುಗಿದರೆ ಈ ಸಲವೇ ಸೇರಿಸುತ್ತಾರಂತೆ.

ಉಳಿದಿರುವುದು ಮೂರು ಸಾಲು, ನನ್ನ ಫೋನ್ ನಂಬರಿನ ಜೊತೆ ಈ ಕಾಗದದ ಹಿಂದೆ ಬರೆದಿದ್ದೇನೆ. ಐದು ಮತ್ತು ಆರು ಸುಲಭ. ಏಳನೆಯದು ಮುಖ್ಯ. ಅದನ್ನು ಹೊಡೆದ ಕೂಡಲೇ ಫ್ಯಾನ್ ನಿಲ್ಲುತ್ತದೆ. ಪರದೆಯ ಮೇಲೆ ಏನೂ ಬರುವುದಿಲ್ಲ, ಬರೀ ಕರ್ಸರ್ ಮಿನುಗುತ್ತದೆ. ಪ್ರೋಗ್ರಾಂ ಹತ್ತು ನಿಮಿಷ ಸುಮ್ಮನೆ ಕಾಯುತ್ತದೆ. ಬಿಸಿ ಎಪ್ಪತ್ತು ದಾಟಿದರೆ ಮಧ್ಯದಲ್ಲೇ ಫ್ಯಾನನ್ನು ತಾನೇ ತಿರುಗಿಸಬೇಕು. ನಡುವೆ ನಿಲ್ಲಿಸಿದರೆ ಎಲ್ಲ ಮೊದಲಿನಿಂದ ಮಾಡಬೇಕಾಗುತ್ತದೆ. ಏನಾದರೂ ಅನುಮಾನ ಬಂದರೆ ಮೆಸೇಜ್ ಹಾಕಿ. ಏಳನೇ ತಾರೀಖು ಬೆಳಿಗ್ಗೆ ಹನ್ನೊಂದಕ್ಕೆ ಮಾಡಿ. ಆಗ ನನಗೆ ಪ್ರಾಕ್ಟಿಕಲ್ ಕ್ಲಾಸ್ ಇದೆ, ಆದರೆ ಫೋನ್ ಕೈಯಲ್ಲೇ ಇಟ್ಟುಕೊಂಡಿರುತ್ತೇನೆ.

ನಿಮ್ಮ,
ರಂಗನಾಥ್


ಚನ್ನಗಿರಿ
೯ ಏಪ್ರಿಲ್ ೨೦೨೫

ರಂಗನಾಥ,

ಬೋರ್ಡು ಸುಟ್ಟುಹೋಯಿತು.

ಏಳನೇ ಸಾಲು ಹೊಡೆದೆ. ಫ್ಯಾನ್ ನಿಂತಿತು. ನಾಲ್ಕು ನಿಮಿಷಕ್ಕೆ ಕೈ ಹತ್ತಿರ ತಂದರೆ ಝಳ. ನಿನಗೆ ಮೆಸೇಜ್ ಹಾಕಿದೆ. ಇಗೋ, ನೋಡಿಕೊಂಡೇ ಬರೆಯುತ್ತಿದ್ದೇನೆ. ನಾನು: "ಏಳನೇ ಸಾಲು ಹೊಡೆದೀನಿ. ಭಾಳ ಕಾಯ್ತಾ ಐತೆ. ಬಂದ್ ಮಾಡ್ಲಾ?" ನೀನು: "ಕಾಯ್ಲಿ ಬಿಡ್ರಿ ಮೇಡಂ. ಮುಟ್ಟಬ್ಯಾಡ್ರಿ."

ಕಾಯಲಿ ಎಂದೆ, ಬಿಟ್ಟೆ. ಮುಟ್ಟಬೇಡಿ ಎಂದೆ, ಕೈ ಕಟ್ಟಿಕೊಂಡು ಕುಳಿತೆ. ಸ್ವಿಚ್ಚು ನನ್ನ ಕೈಗೆ ಒಂದು ಗೇಣು ದೂರದಲ್ಲಿತ್ತು. ಸುಟ್ಟ ವಾಸನೆ ಬಂತು, ಆಗಲೂ ನಿನ್ನ ಮಾತು ಮೀರಲಿಲ್ಲ. ಪರದೆ ಕಪ್ಪಾದ ಮೇಲೆ ಎದ್ದೆ. ರಿಪೇರಿ ಮಾಡುವ ಮಾರುತೇಶ್ ಬಂದು ನೋಡಿ, "ಇದ್ರಾಗೆ ಇನ್ನೇನೂ ಉಳಿದಿಲ್ಲ ಬಿಡ್ರಿ" ಎಂದ.

ನನ್ನ ಮೇಲೆ ಸಿಟ್ಟಿಲ್ಲ ಎಂದು ಬರೆದಿದ್ದೆಯಲ್ಲ, ಸುಳ್ಳು. ಒಳಗೇ ಇಟ್ಟುಕೊಂಡಿದ್ದೆ. ತೀರಿಸಿಕೊಳ್ಳುವುದಾಗಿದ್ದರೆ ನನ್ನ ಮೇಲೆ ತೀರಿಸಿಕೊಳ್ಳಬೇಕಿತ್ತು, ಅವಳದ್ದನ್ನು ಯಾಕೆ ಸುಡಿಸಿದೆ?

ಕಸ್ತೂರಮ್ಮ


ಜಗಳೂರು
೧೪ ಏಪ್ರಿಲ್ ೨೦೨೫

ಮೇಡಂ,

ನಿಮ್ಮ ಕಾಗದ ಓದಿ ಲ್ಯಾಬಿನ ಬಾಗಿಲು ಹಾಕಿಕೊಂಡು ಕುಳಿತೆ. ಮೆಸೇಜನ್ನು ಮತ್ತೆ ತೆಗೆದು ನೋಡಿದೆ. ಆಗ ತಿಳಿಯಿತು.

ನೀವು ಕಾಯ್ತಾ ಐತೆ ಎಂದದ್ದು ಹಂಚು ಕಾಯುವ ಅರ್ಥದಲ್ಲಿ. ನಾನು ಓದಿದ್ದು ಬಸ್ಸು ಕಾಯುವ ಅರ್ಥದಲ್ಲಿ. ಹತ್ತು ನಿಮಿಷ ಕಾಯುತ್ತದೆ ಎಂದು ನಾನೇ ಬರೆದಿದ್ದೆನಲ್ಲ. ಪ್ರೋಗ್ರಾಂ ಸುಮ್ಮನೆ ಕುಳಿತಿದೆ, ಮೇಡಂಗೆ ಬೇಸರವಾಗಿದೆ ಎಂದುಕೊಂಡೆ. ಕ್ಲಾಸಿನ ಗದ್ದಲದಲ್ಲಿ ಕಾಯಲಿ ಬಿಡಿ ಎಂದು ಹೊಡೆದೆ. ಬಿಸಿ ಎನ್ನುವ ಒಂದು ಮಾತು ಇದ್ದಿದ್ದರೆ ಸ್ವಿಚ್ ಕೀಳಿ ಎನ್ನುತ್ತಿದ್ದೆ. ಹುಟ್ಟಿದಾಗಿನಿಂದ ಅವ್ವ ಒಲೆ ಮುಂದೆ ನೀರು ಕಾಯ್ತಾ ಐತೆ ಎನ್ನುವುದನ್ನು ಕೇಳಿ ಬೆಳೆದವನು ನಾನು. ಆ ಹೊತ್ತಿಗೆ ಅದು ಹೊಳೆಯಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನನ್ನಿಂದ ಎರಡೂ ಆಯಿತು.

ಹಗೆಯಿಂದ ಮಾಡಲಿಲ್ಲ. ಅವಳ ಆಣೆ ಇಡುವ ಹಕ್ಕು ನನಗಿಲ್ಲ, ಆದ್ದರಿಂದ ಬರೀ ಹೇಳುತ್ತಿದ್ದೇನೆ.

ಜಗಳೂರಿನಿಂದ ಚನ್ನಗಿರಿಗೆ ದಾವಣಗೆರೆಯಲ್ಲಿ ಒಂದು ಬಸ್ಸು ಬದಲಿಸಿದರೆ ಅರ್ಧ ದಿನದ ದಾರಿ. ನಾನೇ ಬಂದು ಕೂತಿದ್ದರೆ ಇದು ಆಗುತ್ತಿರಲಿಲ್ಲ. ಬಾ ಎಂದು ನೀವು ಬರೆಯಲಿಲ್ಲ, ಬರಲೇ ಎಂದು ಕೇಳುವ ಧೈರ್ಯ ನನಗೆ ಬರಲಿಲ್ಲ. ಭಾನುವಾರ ಜಂಪಣ್ಣನ ಗುಜರಿಯನ್ನು ತಳದವರೆಗೂ ಜಾಲಾಡಿದೆ. ಹೊನ್ನಾಳಿ, ನ್ಯಾಮತಿಯಲ್ಲೂ ವಿಚಾರಿಸಿದೆ. ಅಂಥ ಬೋರ್ಡು ಇಲ್ಲ.

ರಂಗನಾಥ್


ಚನ್ನಗಿರಿ
೧೯ ಏಪ್ರಿಲ್ ೨೦೨೫

ರಂಗನಾಥ,

ಹಗೆ ಎಂದು ಬರೆದದ್ದು ನನ್ನ ತಪ್ಪು. ಕಾಗದ ಹಾಕಿದ ಮರುದಿನವೇ ಅಂಚೆ ಕಚೇರಿಗೆ ಹೋಗಿ ವಾಪಸ್ ಕೊಡಿ ಎಂದು ಕೇಳಿದೆ. ಹೊರಟುಹೋಗಿತ್ತು.

ಈಗ ಒಂದು ಕೇಳುತ್ತೇನೆ. ಹದಿನೈದನೇ ತಾರೀಖು ದಾಟಿತು, ಆದರೂ ನಾಲ್ಕು ದಿನ ಯಾರು ನೋಡುತ್ತಾರೆ. ಪರೀಕ್ಷೆ ಆಯಿತು, ಫ್ಯಾನ್ ನಿಂತಿತು, ಮತ್ತೆ ತಿರುಗಿತು ಎಂದು ಅವರಿಗೆ ಬರೆದುಬಿಡು. ಅಂಕಿಗಳನ್ನು ನೀನೇ ಹಾಕು. ಬೋರ್ಡು ಬೇರೆ ಎಲ್ಲೂ ಇಲ್ಲ ಎನ್ನುತ್ತೀ, ಹಾಗಾದರೆ ಆ ಸುಳ್ಳಿನಿಂದ ಕೆಡುವವರು ಯಾರು? ನಲವತ್ತು ವರ್ಷದಲ್ಲಿ ಒಂದು ಅಂಕಿ ತಪ್ಪು ಹೊಡೆದವಳಲ್ಲ ನಾನು, ಆದರೂ ಕೇಳುತ್ತಿದ್ದೇನೆ. ಸುಳ್ಳಿನ ಪಾಪ ನನಗಿರಲಿ. ಅವಳ ಹೆಸರು ಸೇರಲಿ.

ಕಸ್ತೂರಮ್ಮ


ಜಗಳೂರು
೧೭ ಮೇ ೨೦೨೫

ಮೇಡಂ,

ಉತ್ತರ ತಡವಾಯಿತು. ನೀವು ಹೇಳಿದ ಹಾಗೆಯೇ ಬರೆದೆ. ಅಂಕಿಗಳನ್ನೂ ಹಾಕಿದೆ, ಚೆನ್ನಾಗಿಯೇ ಕಾಣುತ್ತಿದ್ದವು. ಮೂರು ದಿನ ಹಾಗೇ ಇಟ್ಟುಕೊಂಡಿದ್ದೆ, ಕಳಿಸಲು ಆಗಲಿಲ್ಲ. ನಮಗೆ ಸಿಗದ ಬೋರ್ಡು ಯಾವುದೋ ದೇಶದ ಕಾರ್ಖಾನೆಯಲ್ಲಿ ಈಗಲೂ ಓಡುತ್ತಿರಬಹುದು. ಅಲ್ಲಿ ಫ್ಯಾನ್ ನಿಂತು ಬೆಂಕಿ ಹತ್ತಿದರೆ ತೆಗೆದು ನೋಡುವ ಬರಹದ ಮೇಲೆ ಇರುವುದು ಕಲ್ಪನಾಳ ಹೆಸರು.

ನಿಜ ಬರೆದೆ. ಪರೀಕ್ಷೆಯ ಹೊತ್ತಿನಲ್ಲಿ ಬೋರ್ಡು ಸುಟ್ಟಿತು ಎಂದೆ. ಬಿಸಿ ಎಪ್ಪತ್ತು ದಾಟಿದ ಮೇಲೂ ಫ್ಯಾನ್ ಯಾಕೆ ತಿರುಗಲಿಲ್ಲ ಎಂದು ಕೇಳಿದರು. ತಪ್ಪು ಅವಳ ಬರಹದಲ್ಲಿತ್ತೋ, ನನ್ನ ಏಳನೇ ಸಾಲಿನಲ್ಲಿತ್ತೋ, ಗುಜರಿಯ ಫ್ಯಾನಿನಲ್ಲೇ ಇತ್ತೋ, ಇನ್ನು ಯಾರೂ ಹೇಳಲಾರರು. ಫ್ಯಾನಿನ ಭಾಗ ಬಿಟ್ಟು ಬಿಸಿ ಓದುವ ಭಾಗವನ್ನಾದರೂ ಸೇರಿಸಿ ಎಂದು ಬೇಡಿಕೊಂಡೆ. ಬೋರ್ಡು ಸುಟ್ಟ ಡ್ರೈವರನ್ನು, ಮತ್ತೆ ಪರೀಕ್ಷಿಸಲು ಬೋರ್ಡೇ ಇಲ್ಲದಿರುವಾಗ, ಯಾವ ಭಾಗವನ್ನೂ ತೆಗೆದುಕೊಳ್ಳಲಾಗದು ಎಂದರು. ಒರಟಾಗಿ ಹೇಳಲಿಲ್ಲ. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಹೇಳುತ್ತಿದ್ದೆ.

ಇನ್ನೊಂದು ಮಾತನ್ನು ಮುಚ್ಚಿಡಲಾರೆ. ಈ ಪತ್ರವ್ಯವಹಾರವೆಲ್ಲ ಎಲ್ಲರಿಗೂ ಕಾಣುವ ಕಡೆ ಇರುತ್ತದೆ. ಅವಳ ಹೆಸರು ಹುಡುಕಿದರೆ ಈಗ ಮೊದಲು ಬರುವುದು ಬೋರ್ಡು ಸುಟ್ಟ ನನ್ನ ಆ ಮೇಲ್. ಅದನ್ನೂ ಅಳಿಸಲು ಬರುವುದಿಲ್ಲ.

ಕ್ಷಮಿಸಿ ಎನ್ನುವುದು ಚಿಕ್ಕ ಮಾತು. ಬೇರೆ ಮಾತು ನನಗೆ ಗೊತ್ತಿಲ್ಲ.

ರಂಗನಾಥ್


ಚನ್ನಗಿರಿ
೬ ಜೂನ್ ೨೦೨೫

ರಂಗನಾಥ,

ನೀನು ಮಾಡಿದ್ದು ಸರಿ. ಇದನ್ನು ಬರೆಯಲು ಮೂರು ವಾರ ಹಿಡಿಯಿತು. ಸರಿ ಎಂದು ಗೊತ್ತಾದದ್ದು ಮೊದಲ ದಿನವೇ.

ಕೋಣೆ ಖಾಲಿ ಮಾಡಿದೆ. ಪರದೆ, ಕೀಬೋರ್ಡ್ ಮಾರುತೇಶನಿಗೆ ಕೊಟ್ಟೆ. ಬೋರ್ಡನ್ನು ಅವನು ಬೇಡ ಎಂದ.

ಕಪಾಟು ತೆಗೆದಾಗ ನಾನೇ ಇಟ್ಟು ಮರೆತಂತೆ ಇದ್ದ ಒಂದು ಹಾಳೆ ಸಿಕ್ಕಿತು. ಮರೆತಿರಲಿಲ್ಲ. ನೀನು ಬರೆದಿದ್ದೆಯಲ್ಲ, ನನ್ನ ಹತ್ತಿರ ಬರುವ ಮೊದಲೇ ಅವಳು ಮನಸ್ಸು ಬದಲಾಯಿಸಿದಳು ಎಂದು. ಇಲ್ಲ. ಬಂದಿದ್ದಳು. ಕಿವಿ ಮಂದವಾಗಿದ್ದ ನನ್ನ ಹತ್ತಿರ ಕೂಗಿ ಹೇಳುವ ಮಾತಲ್ಲ ಎಂದೋ ಏನೋ, ಟೈಪ್ ಮಾಡಿ ತಂದಿದ್ದಳು. ನಿಮ್ಮಿಬ್ಬರ ಲಗ್ನಪತ್ರಿಕೆಯ ಕರಡು ಅದು. ದಿನಾಂಕದ ಜಾಗ ಖಾಲಿ ಬಿಟ್ಟಿದ್ದಳು. ಇನ್‌ಸ್ಟಿಟ್ಯೂಟಿನಲ್ಲಿ ನನ್ನ ಮೇಜಿನ ಮೇಲೆ, ತಿದ್ದಬೇಕಾದ ಉಳಿದ ಹಾಳೆಗಳ ನಡುವೆ ಇಟ್ಟು ಹೋಗಿ ಬಾಗಿಲ ಹತ್ತಿರ ನಿಂತಳು.

ನಾನು ಬೈಯಲಿಲ್ಲ, ಅಳಲಿಲ್ಲ, ಆಗುವುದಿಲ್ಲ ಎಂದೂ ಹೇಳಲಿಲ್ಲ. ಕೆಂಪು ಪೆನ್ನು ತೆಗೆದುಕೊಂಡು ಎಲ್ಲ ವಿದ್ಯಾರ್ಥಿಗಳ ಹಾಳೆಯ ಹಾಗೆ ಅದನ್ನೂ ತಿದ್ದಿ ಅವಳ ಕೈಗೆ ಕೊಟ್ಟೆ. ನೋಡಿದಳು. ಹಾಳೆಯನ್ನು ಮತ್ತೆ ಮೇಜಿನ ಮೇಲಿಟ್ಟು ಮಷೀನಿನ ಮುಂದೆ ಹೋಗಿ ಕುಳಿತಳು. ಎಂಟು ವರ್ಷ ಒಂದೇ ಮನೆಯಲ್ಲಿದ್ದೆವು. ಅದರ ಸುದ್ದಿಯನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಆ ಹಾಳೆಯನ್ನು ಈ ಕಾಗದದ ಜೊತೆ ಇಟ್ಟಿದ್ದೇನೆ. ಅದು ನಿನ್ನದು. ಅದರಲ್ಲಿ ಕಾಗುಣಿತದ ತಪ್ಪು ಎರಡು ಕಡೆ ಇತ್ತು, ಗುರುತು ಮಾಡಿದ್ದೇನೆ. ನಿನ್ನ ಹೆಸರನ್ನು ಅವಳು ಸರಿಯಾಗಿಯೇ ಹೊಡೆದಿದ್ದಳು. ಅದರ ಮೇಲೂ ಕೆಂಪು ಗೆರೆ ಎಳೆದಿದ್ದೇನೆ, ನೋಡು.

ಕಸ್ತೂರಮ್ಮ